ತಲೆಗೆ ಪೆಟ್ಟಾದ ಮೇಲೆ ನೆನಪನ್ನು ಮರಳಿ ಕಟ್ಟುವುದು

ದ್ವಿಚಕ್ರ ವಾಹನದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು ನಿಮ್ಹಾನ್ಸ್‌ನಲ್ಲಿಯೋ ಬೇರೆ ಆಸ್ಪತ್ರೆಯಲ್ಲಿಯೋ ಚಿಕಿತ್ಸೆ ಮುಗಿಸಿಕೊಂಡು ರಾಜಾಜಿನಗರ, ವಿಜಯನಗರದ ತಮ್ಮ ಮನೆಗಳಿಗೆ ಮರಳುತ್ತಾರೆ. ಗಾಯ ಮಾಗಿರುತ್ತದೆ, ನಡಿಗೆ ಸರಿಯಾಗಿರುತ್ತದೆ. ಆದರೆ ಬೆಳಗಿನ ಉಪಾಹಾರ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆಗ ಮನೆಯವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ನೆನಪಿನ ಶಕ್ತಿಗೆ ಏನಾದರೂ ಲೇಹ್ಯ ಕೊಡುತ್ತೀರಾ ಡಾಕ್ಟರೇ?"

ಬಸವೇಶ್ವರನಗರದ ಹಿರಿಯರೊಬ್ಬರನ್ನು ಹೀಗೆಯೇ ಕರೆತಂದಿದ್ದರು. ಹಿಂದಿನ ದಿನ ತಂಗಿ ಬಂದು ಹೋದುದನ್ನು ಅವರು ಮರೆತಿದ್ದರು. ಆದರೆ ಮುಂಜಾನೆ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ನಡೆಸುವ ಪೂಜೆಯಲ್ಲಿ ಒಂದು ಕ್ರಮವೂ ತಪ್ಪುತ್ತಿರಲಿಲ್ಲ. "ಪೂಜೆ ನೆನಪಿದೆ, ಅತ್ತೆ ಬಂದದ್ದು ನೆನಪಿಲ್ಲವೇ? ಬೇಕೆಂದೇ ಮಾಡುತ್ತಾರೆ" ಎಂದು ಮಗನ ಸಿಟ್ಟು. ಬೇಕೆಂದು ಮಾಡುವುದಲ್ಲ. ಹೊಸ ಘಟನೆಗಳನ್ನು ದಾಖಲಿಸಿಕೊಳ್ಳುವ ಹಿಪ್ಪೋಕ್ಯಾಂಪಸ್ ಎಂಬ ಭಾಗ ತಲೆಪೆಟ್ಟಿನಲ್ಲಿ ಸುಲಭವಾಗಿ ಘಾಸಿಗೊಳ್ಳುತ್ತದೆ. ವರ್ಷಗಟ್ಟಲೆ ಕೈಗೆ ರೂಢಿಯಾದ ಕ್ರಮಗಳು ಮಿದುಳಿನ ಬೇರೆ ಭಾಗಗಳ ಆಶ್ರಯದಲ್ಲಿರುವುದರಿಂದ ಅನೇಕ ವೇಳೆ ಉಳಿದುಕೊಳ್ಳುತ್ತವೆ. ಉಳಿದುದಕ್ಕೆ ಹೊಸದನ್ನು ಜೋಡಿಸುತ್ತ ಹೋಗಬೇಕು.

ಚರಕಾಚಾರ್ಯರು ಶಾರೀರಸ್ಥಾನದ ಮೊದಲ ಅಧ್ಯಾಯದಲ್ಲಿ ಸ್ಮೃತಿ ಉಂಟಾಗಲು 8 ಕಾರಣಗಳನ್ನು ಹೇಳಿದ್ದಾರೆ. ಅವುಗಳಲ್ಲಿ ರೂಪವನ್ನು ಕಾಣುವುದು, ಹೋಲಿಕೆ, ವೈರುಧ್ಯ, ಮನಸ್ಸಿನ ಏಕಾಗ್ರತೆ, ಅಭ್ಯಾಸ, ಮತ್ತೆ ಮತ್ತೆ ಕೇಳುವುದು ಸೇರಿವೆ. ಔಷಧಿಯ ಹೆಸರು ಆ ಪಟ್ಟಿಯಲ್ಲಿಲ್ಲ ಎಂಬುದನ್ನು ವೈದ್ಯರಾದ ನಾವೇ ಕೆಲವೊಮ್ಮೆ ಮರೆಯುತ್ತೇವೆ.

ಮನೆಯಲ್ಲಿ ಮೊದಲು ನಿಲ್ಲಬೇಕಾದದ್ದು ಪರೀಕ್ಷೆ. ಬಂದವರೆಲ್ಲ "ನಾನು ಯಾರು ಹೇಳಿ ನೋಡೋಣ" ಎನ್ನುತ್ತಾರೆ. ರೋಗಿ ಊಹಿಸಿ ತಪ್ಪು ಹೇಳುತ್ತಾನೆ. ಆ ತಪ್ಪೇ ಮನಸ್ಸಿನಲ್ಲಿ ನೆಲೆಯೂರುತ್ತದೆ. ಬದಲಾಗಿ ಸರಿಯುತ್ತರವನ್ನು ನಾವೇ ಹೇಳಿ, ಒಂದು ನಿಮಿಷದ ನಂತರ, ಐದು ನಿಮಿಷದ ನಂತರ, ಅರ್ಧ ಗಂಟೆಯ ನಂತರ ಕೇಳಬೇಕು. ತಡವರಿಸಿದರೆ ಕಾಯಿಸದೆ ಮತ್ತೆ ಹೇಳಿಬಿಡಬೇಕು. ಏಕಾಗ್ರತೆಗೆ, ಬೆರೆಸಿದ ಧಾನ್ಯಗಳನ್ನು ಬೇರ್ಪಡಿಸುವುದು, ಪತ್ರಿಕೆಯ ಒಂದು ಅಂಕಣದಲ್ಲಿ ನಿರ್ದಿಷ್ಟ ಅಕ್ಷರವನ್ನೆಲ್ಲ ಹುಡುಕಿ ಗುರುತು ಹಾಕುವುದು ಒಳ್ಳೆಯ ಅಭ್ಯಾಸಗಳು. ದಣಿವಾಗುವ ಮುನ್ನ ನಿಲ್ಲಿಸಿ. ಯಾವ ಬಗೆಯ ನೆನಪು ಕುಂದಿದೆ ಎಂಬುದನ್ನು ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನ ವಿಭಾಗದಂಥ ಕಡೆ ಪರೀಕ್ಷಿಸಿಕೊಂಡು ಬಂದರೆ ಅಭ್ಯಾಸ ಗುರಿ ತಪ್ಪುವುದಿಲ್ಲ.

ಇನ್ನು ಔಷಧಿ. ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಈ ನಾಲ್ಕೂ ಚರಕೋಕ್ತ ಮೇಧ್ಯ ರಸಾಯನಗಳು. ನಮಗೆ ಅವುಗಳಲ್ಲಿ ಶ್ರದ್ಧೆಯಿದೆ. ಆದರೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ತಲೆಪೆಟ್ಟಿನವರಿಗೆ ಅಪಸ್ಮಾರ ಬಾರದಂತೆ ಫೆನಿಟಾಯಿನ್ ಮಾತ್ರೆ ಕೊಟ್ಟಿರುವುದುಂಟು. ಶಂಖಪುಷ್ಪಿಯ ಸಿರಪ್ ಜೊತೆಗೆ ಸೇರಿದಾಗ ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ಇಳಿದು, ಹತೋಟಿಯಲ್ಲಿದ್ದ ಅಪಸ್ಮಾರ ಮರುಕಳಿಸಿದ್ದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಆಸ್ಪತ್ರೆಯ ಚೀಟಿಯನ್ನು ತೋರಿಸದೆ ಅಂಗಡಿಯಿಂದ ನೆನಪಿನ ಟಾನಿಕ್ ತಂದು ಕುಡಿಸಬೇಡಿ. ನಮ್ಮಲ್ಲಿಗೆ ಬರುವಾಗಲೂ ಚೀಟಿ ತನ್ನಿ.

ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಸಾಗುತ್ತದೆ. ಸುಧಾರಿಸುತ್ತಿದ್ದ ವೃದ್ಧರು ಕೆಲವು ವಾರಗಳ ನಂತರ ಮಂಕಾಗತೊಡಗಿದರೆ, ತಲೆನೋವು, ವಾಂತಿ, ತೂಕಡಿಕೆ ಹೆಚ್ಚಿದರೆ, ತಲೆಯೊಳಗೆ ನಿಧಾನವಾಗಿ ರಕ್ತ ಸಂಗ್ರಹವಾಗುತ್ತಿರಬಹುದು. ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಆ ಹಿರಿಯರ ಪೂಜಾಸಾಮಗ್ರಿಯ ಪಕ್ಕದಲ್ಲಿ ಮಾತ್ರೆಯ ಡಬ್ಬಿಯನ್ನೂ ದಿನಚರಿಯ ಪುಸ್ತಕವನ್ನೂ ಇಡಲು ಸೂಚಿಸಿದೆವು. ಪೂಜೆ ಮುಗಿದೊಡನೆ ಕೈ ತಾನಾಗಿ ಡಬ್ಬಿಯತ್ತ ಹೋಗಲು ಎರಡು ತಿಂಗಳು ಹಿಡಿಯಿತು. ಈಗ ಹಿಂದಿನ ದಿನ ಮನೆಗೆ ಬಂದವರ ಹೆಸರನ್ನು ಪುಸ್ತಕ ತೆರೆದು ಅವರೇ ಓದಿ ಹೇಳುತ್ತಾರೆ.