ಬೂಟು ಕಳಚಿದ ಮೇಲೂ ಬಿಡದ ಹಿಮ್ಮಡಿ ನೋವು

ಜುಮಾ ನಮಾಝಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವವರನ್ನು ಕಂಡರೆ ಪ್ರಾಯ ಆಯಿತು, ಮೊಣಕಾಲು ನೋವಿರಬೇಕು ಅಂತ ನಾವು ಸುಮ್ಮನಾಗುತ್ತೇವೆ. ಜಗಳೂರಿನಲ್ಲಿ ನಾವು ಕಂಡ ಒಬ್ಬರಿಗೆ ಐವತ್ತೂ ದಾಟಿಲ್ಲ, ಮೊಣಕಾಲೂ ಗಟ್ಟಿ ಇದೆ. ಹೋಗಿರುವುದು ಪಾದ. ಅತ್ತಹಿಯ್ಯಾತ್‌ಗೆ ಕೂತಾಗ ಬಲಗಾಲಿನ ಬೆರಳು ಮಡಚಬೇಕಲ್ಲ, ಅದು ಅವರಿಂದ ಆಗುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮೊಳೆ ಹೊಡೆದ ಹಾಗೆ. ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ಬಂದವರು.

ಅಡಿಕೆ ವ್ಯಾಪಾರಕ್ಕೆ ಅಂತ ನಮ್ಮವರು ಚನ್ನಗಿರಿ, ಹೊನ್ನಾಳಿ ಕಡೆ ಹೋಗಿ ಬರುತ್ತಿರುತ್ತಾರೆ. ಹಾಗೆ ಹೋದಾಗ ಸಿಕ್ಕಿದ ಪರಿಚಯ ಇದು. ನಮ್ಮ ಮನೆಗಳಿಗೆ ಗಲ್ಫ್‌ನ ದಾರಿ ಗೊತ್ತಿರುವಷ್ಟು ಸೇನೆಯ ದಾರಿ ಗೊತ್ತಿಲ್ಲ, ಅದರ ಪಿಂಚಣಿಯ ಕಾನೂನಂತೂ ಇಲ್ಲವೇ ಇಲ್ಲ. ಅದಕ್ಕಾಗಿ ಕೊಂಚ ವಿವರವಾಗಿಯೇ ಬರೆಯುತ್ತಿದ್ದೇವೆ.

ಅವರ ಟ್ರಂಕಿನಲ್ಲಿ ಒಂದು ಕಾಗದ ಇತ್ತು. ನಿವೃತ್ತಿಯ ವೇಳೆ ವೈದ್ಯಕೀಯ ಮಂಡಳಿ ಅಂಗವೈಕಲ್ಯ ಶೇ. 20 ಅಂತ ಒಪ್ಪಿದೆ. ಆದರೆ ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತ ಕೆಳಗೆ ಬರೆದು ಮುಗಿಸಿದೆ. ಆ ಒಂದು ಸಾಲಿನಿಂದ ಅಂಗವೈಕಲ್ಯದ ಪಿಂಚಣಿ ನಿಂತಿತು. ದೊಡ್ಡ ಡಾಕ್ಟರುಗಳೇ ಬರೆದ ಮೇಲೆ ನಾವೇನು ಹೇಳೋದು ಅಂತ ಇವರು ಕಾಗದ ಮಡಚಿಟ್ಟರು. ಮಗಳು ಡಿಗ್ರಿಗೆ ಸೇರುವಾಗ ಸರ್ಟಿಫಿಕೇಟ್ ಹುಡುಕಲು ಹೋಗಿ ಅದು ಮತ್ತೆ ಹೊರಗೆ ಬಂತು.

ನಿಯಮ ನಿಜವಾಗಿ ಹೇಳುವುದು ಬೇರೆ. ಅಂಗವೈಕಲ್ಯ ಶೇ. 20 ಅಥವಾ ಹೆಚ್ಚು ಇರಬೇಕು, ಅದು ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಇದನ್ನು ತೀರ್ಮಾನಿಸಲು 1982ರ ಅರ್ಹತಾ ನಿಯಮಗಳು ಇದ್ದವು. ಭರ್ತಿಯ ದಿನ ದೇಹದಲ್ಲಿ ದೋಷ ಇದೆ ಅಂತ ಬರೆದಿಲ್ಲವಾದರೆ ಆ ಮನುಷ್ಯ ಆರೋಗ್ಯವಂತನಾಗಿಯೇ ಬಂದ ಅಂತ ಭಾವಿಸಬೇಕು. ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ. ಭರ್ತಿಯ ಹೊತ್ತಿಗೆ ಕಾಣದೆ ಇದ್ದಿರಬಹುದು ಅಂತ ಡಾಕ್ಟರು ಹೇಳುವುದಾದರೆ ಅದಕ್ಕೆ ಕಾರಣ ಬರೆಯಬೇಕು.

ಧರಂವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದ್ದು ಇದನ್ನೇ. ಅವರು ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿ, ಫಿಟ್ಸ್ ಕಾಯಿಲೆಯಿಂದ 1994ರಲ್ಲಿ ಹೊರಬಂದವರು. ಅವರಿಗೂ ಶೇ. 20 ಇತ್ತು, ಅವರಿಗೂ ಇಲ್ಲ ಅಂದಿದ್ದರು. ಕಾರಣ ಕೊಡದ ವೈದ್ಯಕೀಯ ಅಭಿಪ್ರಾಯ ನಿಲ್ಲುವುದಿಲ್ಲ ಅಂತ ಹೇಳಿ ಕೋರ್ಟು ಪಿಂಚಣಿ ಕೊಡಿಸಿತು.

ಪಾದದ ಮಟ್ಟಿಗೆ ಈ ಮಾತಿಗೆ ಇನ್ನೂ ತೂಕ ಉಂಟು. ಸೇನಾ ಭರ್ತಿಯಲ್ಲಿ ಪಾದವನ್ನು ನೋಡದೆ ಬಿಡುವುದಿಲ್ಲ. ವುಳೂ ಮಾಡಿ ಒದ್ದೆ ಕಾಲಲ್ಲಿ ನಡೆದರೆ ನೆಲದ ಮೇಲೆ ಗುರುತು ಬೀಳುತ್ತದಲ್ಲ, ನಡುವೆ ಕಮಾನಿನಂತೆ ಖಾಲಿ ಇರದೆ ಇಡೀ ಪಾದ ಬಿದ್ದರೆ ಅದು ಚಪ್ಪಟೆ ಪಾದ. ಅಂಥ ಎಷ್ಟೋ ಹುಡುಗರು ಭರ್ತಿಯಲ್ಲೇ ಹಿಂದೆ ಬರುತ್ತಾರೆ. ಅಷ್ಟು ನೋಡಿ ಸರಿ ಇದೆ ಅಂತ ತೆಗೆದುಕೊಂಡ ಪಾದ, ವರ್ಷಗಟ್ಟಲೆ ಬೂಟು ಹಾಕಿ ಹೊರೆ ಹೊತ್ತು ನಡೆದ ಮೇಲೆ ಕೆಟ್ಟರೆ ಅದಕ್ಕೂ ಸೇವೆಗೂ ಸಂಬಂಧ ಇಲ್ಲ ಅನ್ನುವುದು ಹೇಗೆ ಮಾರಾಯ್ರೆ? ಹಿಮ್ಮಡಿಯ ಉರಿಯೂತ, ಪಾದದ ಎಲುಬಿನಲ್ಲಿ ಬೀಳುವ ಕೂದಲೆಳೆಯ ಬಿರುಕು, ಹಿಮದಲ್ಲಿ ಬೆರಳು ಕೊಳೆಯುವುದು, ಇವೆಲ್ಲ ಪಾದದ ದುಡಿಮೆಯ ಕಾಯಿಲೆಗಳು. ಆದರೂ ನ್ಯಾಯ ತನ್ನಷ್ಟಕ್ಕೆ ಬರುವುದಿಲ್ಲ. ರಜೆಯಲ್ಲಿ ಮನೆಯಲ್ಲಿ ಬಿದ್ದು ಕಾಲು ಮುರಿದುಕೊಂಡವರ ವಿಷಯ ಬೇರೆಯೇ ಆಗಬಹುದು.

ನ್ಯಾಮತಿ ಕಡೆಯ ಇನ್ನೊಬ್ಬರದು ಹಿಮದ ಕಥೆ. ಎರಡು ಬೆರಳು ಹೋಗಿವೆ, ಪಿಂಚಣಿ ಬರುತ್ತಿದೆ, ಆದರೆ ಈಗಲೂ ಶೇ. 20ರ ಲೆಕ್ಕದಲ್ಲೇ. ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದು ಪರಿಗಣಿಸುವ ಪದ್ಧತಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಅನ್ವಯ ಅಂತ 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಣದ ಲೆಕ್ಕ ಹೀಗೆ: ಪೂರ್ತಿ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30. ವೇತನ 30,000 ರೂಪಾಯಿ ಇದ್ದರೆ ಅದು 9,000. ಶೇ. 20ಕ್ಕೆ ತಿಂಗಳಿಗೆ 1,800, ಶೇ. 50ಕ್ಕೆ 4,500. ಮಳೆ ನಂಬಿ ಮೆಕ್ಕೆಜೋಳ ಹಾಕುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಲ್ಲ ಅಂತ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು, ಅಲ್ಲೂ ಆಗದಿದ್ದರೆ ಎರಡನೆಯದು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಇದು 2007ರ ಕಾಯ್ದೆಯಿಂದ ಬಂದದ್ದು, 2009ರಿಂದ ನಡೆಯುತ್ತಿದೆ. ವಕೀಲರನ್ನು ಇಡಬಹುದು, ತಾವೇ ಮಾತಾಡಲೂಬಹುದು. ಮೇಲ್ಮನವಿಗೆ ಆರು ತಿಂಗಳು ಉತ್ತರವೇ ಬಾರದಿದ್ದರೂ ಅಲ್ಲಿಗೆ ಹೋಗಲು ದಾರಿ ಉಂಟು. ತಡವಾಯಿತು ಅಂತ ಕೈಬಿಡಬೇಕಿಲ್ಲ. ಪಿಂಚಣಿ ಪ್ರತಿ ತಿಂಗಳೂ ಮುಂದುವರಿಯುವ ಹಕ್ಕಾದ್ದರಿಂದ ಅರ್ಜಿ ನಿಲ್ಲುತ್ತದೆ. ಆದರೆ 2008ರ ತರ್ಸೆಂ ಸಿಂಗ್ ತೀರ್ಪಿನ ಪ್ರಕಾರ ಹಳೆ ಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಟ್ರಂಕಿನಲ್ಲಿ ಮಲಗಿದ ಕಾಗದದ ನಷ್ಟ ಇರುವುದು ಅಲ್ಲಿ. 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮಗಳಿವೆ, ಅವರು ಅದನ್ನು ಬೇರೆಯಾಗಿಯೇ ಓದಿಕೊಳ್ಳಬೇಕು.

ಅದಕ್ಕಿಂತ ಮೊದಲ ಕೆಲಸ ಕಾಗದ ಒಟ್ಟು ಮಾಡುವುದು. ಭರ್ತಿಯ ವೈದ್ಯಕೀಯ ವರದಿ, ಆಸ್ಪತ್ರೆಗೆ ಸೇರಿದ ದಾಖಲೆ, ಪೆಟ್ಟಾಗಿದ್ದರೆ ಗಾಯದ ವರದಿ, ಯಾವ್ಯಾವ ಊರಲ್ಲಿ ಎಷ್ಟು ದಿನ ಇದ್ದರು ಅನ್ನುವ ಪಟ್ಟಿ, ಕೊನೆಗೆ ವೈದ್ಯಕೀಯ ಮಂಡಳಿಯ ಪೂರ್ತಿ ನಡಾವಳಿ. ಇವೆಲ್ಲ ತಮ್ಮ ದಳದ ದಾಖಲೆ ಕಚೇರಿಯಲ್ಲಿ ಸಿಗಬೇಕು, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಬರೆಯಲು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯನ್ನೂ ಕೇಳಬಹುದು.

ಹೊನ್ನಾಳಿಯಲ್ಲೂ ಚನ್ನಗಿರಿಯಲ್ಲೂ ಇದನ್ನೇ ಹೇಳಿದಾಗ, "ಕೊಟ್ಟಷ್ಟು ತಗೊಂಡು ಸುಮ್ಮನಿರೋದು ಸಬರ್ ಅಲ್ವಾ?" ಅಂತ ಒಬ್ಬ ಹಿರಿಯರು ಕೇಳಿದರು. ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಿ ಅನ್ನುವ ಹದೀಸನ್ನು ಅಲ್ಲಿದ್ದ ಉಸ್ತಾದರೇ ನೆನಪಿಸಿದರು. ನಮಗೆ ಬೇರೆ ಉತ್ತರ ಹೇಳುವ ಅಗತ್ಯ ಬೀಳಲಿಲ್ಲ.

ಜಗಳೂರಿನ ಹವಾಲ್ದಾರರು ಮೊನ್ನೆ ದಾಖಲೆ ಕಚೇರಿಗೆ ರಿಜಿಸ್ಟರ್ಡ್ ಅಂಚೆ ಹಾಕಿದ್ದಾರೆ, ರಸೀದಿಯ ಫೋಟೊ ಮಗಳು ನಮಗೆ ಕಳುಹಿಸಿದಳು. ಕರ್ನಾಟಕದವರ ಪ್ರಕರಣಗಳು ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ ಅಂತ ಕೇಳಿ ಅವರಿಗೆ ಸ್ವಲ್ಪ ಗಾಬರಿ. ಅಷ್ಟು ದೂರ ಈ ಕಾಲಲ್ಲಿ ಹೇಗೆ ಅಂತ. ಹಾಗೆ ಹೋಗಬೇಕಾಗಿ ಬಂದರೆ ಮಂಗಳೂರಿನಲ್ಲಿ ಒಂದು ರಾತ್ರಿ ನಿಂತು ರೈಲು ಹತ್ತಿ, ತಂಗಲು ಮನೆ ಉಂಟು ಅಂತ ಹೇಳಿ ಬಂದಿದ್ದೇವೆ.