ಗೆದ್ದರೂ ದಕ್ಕದ ಸ್ವಾಯತ್ತತೆ

1975ರ ಆಗಸ್ಟ್ 21ರಂದು ಕಾರ್ಸಿಕಾ ದ್ವೀಪದ ಪೂರ್ವ ಬಯಲಿನ ಅಲೇರಿಯಾದಲ್ಲಿ ಎಡ್ಮಂಡ್ ಸಿಮಿಯೋನಿ ಎಂಬ ವೈದ್ಯರು ಬಂದೂಕು ಹಿಡಿದ ಸಂಗಡಿಗರ ಜೊತೆ ವೈನ್ ದಾಸ್ತಾನು ಕಟ್ಟಡವೊಂದನ್ನು ಹೊಕ್ಕು ಕೂತರು. ಅಲ್ಜೀರಿಯಾ ಕೈತಪ್ಪಿದ ಮೇಲೆ ಅಲ್ಲಿಂದ ಬಂದ ವಸಾಹತುಗಾರರಿಗೆ ಫ್ರೆಂಚ್ ಸರ್ಕಾರ ಈ ಬಯಲಿನ ಒಳ್ಳೆಯ ಜಮೀನು ಕೊಡಿಸಿತ್ತು. ಅವರಲ್ಲಿ ಕೆಲವರು ವೈನ್ ವ್ಯಾಪಾರದಲ್ಲಿ ನಡೆಸಿದ ಮೋಸ ಹೊರಬಿದ್ದಾಗ ಸ್ಥಳೀಯರ ಸಿಟ್ಟು ಕಟ್ಟೆಯೊಡೆಯಿತು. ಮರುದಿನ ಸರ್ಕಾರ ಹೆಲಿಕಾಪ್ಟರುಗಳನ್ನೂ ಶಸ್ತ್ರಸಜ್ಜಿತ ವಾಹನಗಳನ್ನೂ ನುಗ್ಗಿಸಿತು. ಇಬ್ಬರು ಭದ್ರತಾ ಸಿಬ್ಬಂದಿ ಸತ್ತರು. 1976ರ ಮೇ ತಿಂಗಳಲ್ಲಿ ಕಾರ್ಸಿಕಾ ರಾಷ್ಟ್ರೀಯ ವಿಮೋಚನಾ ರಂಗ ಹುಟ್ಟಿಕೊಂಡಿತು.

ಈ ಅಸಮಾಧಾನದ ಬೇರು ಇನ್ನೂ ಹಳೆಯದು. 1755ರಲ್ಲಿ ಪಾಸ್ಕ್ವಾಲೆ ಪಾವೊಲಿ ಇಲ್ಲಿ ಗಣರಾಜ್ಯ ಕಟ್ಟಿದ್ದರು. ಕೊರ್ತೆ ಪಟ್ಟಣ ಅದರ ರಾಜಧಾನಿ. 1768ರಲ್ಲಿ ಜಿನೋವಾ ಈ ದ್ವೀಪವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತು, ಮರುವರ್ಷ ಫ್ರೆಂಚ್ ಸೇನೆ ಪಾವೊಲಿಯ ಪಡೆಯನ್ನು ಸೋಲಿಸಿತು. ಪಾವೊಲಿ ಸ್ಥಾಪಿಸಿದ ವಿಶ್ವವಿದ್ಯಾಲಯ ಮತ್ತೆ ಬಾಗಿಲು ತೆರೆದದ್ದು 1981ರಲ್ಲಿ.

ಬಾಂಬು, ಬೆಂಕಿ, ಮುಸುಕುಧಾರಿಗಳ ಪತ್ರಿಕಾಗೋಷ್ಠಿ, ಗುಂಪುಗಳ ನಡುವಿನ ಕೊಲೆ: ಹೀಗೆ ದಶಕಗಳು ಉರುಳಿದವು. 1998ರ ಫೆಬ್ರವರಿಯಲ್ಲಿ ಸರ್ಕಾರದ ಪ್ರತಿನಿಧಿ ಕ್ಲೋದ್ ಎರಿನ್ಯಾಕ್ ಅವರನ್ನು ಅಜಾಕ್ಸಿಯೋದ ಬೀದಿಯಲ್ಲಿ ಗುಂಡಿಟ್ಟು ಕೊಂದಾಗ ದ್ವೀಪದ ಜನರೇ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಖಂಡಿಸಿದರು. 2014ರಲ್ಲಿ ವಿಮೋಚನಾ ರಂಗ ಶಸ್ತ್ರ ಕೆಳಗಿಡುವುದಾಗಿ ಘೋಷಿಸಿತು. ಅದೇ ವರ್ಷ ಎಡ್ಮಂಡ್ ಅವರ ಮಗ, ವಕೀಲ ಜಿಲ್ ಸಿಮಿಯೋನಿ ಬಾಸ್ತಿಯಾದ ಮೇಯರ್ ಆದರು.

ಕಾರ್ಸಿಕನ್ ರಾಷ್ಟ್ರವಾದಿಗಳಿಗೆ ಬಾಗಿಲು ತೆರೆದದ್ದು ಮತಗಟ್ಟೆಯೇ. 2015ರ ಡಿಸೆಂಬರಿನಲ್ಲಿ ಪ್ರಾಂತ್ಯದ ಆಡಳಿತ ಅವರ ಕೈಗೆ ಬಂತು. 2017ರಲ್ಲಿ ಶೇ 56ಕ್ಕೂ ಹೆಚ್ಚು ಮತ. 2021ರಲ್ಲಿ ಅವರ ಬಣಗಳು ಬೇರೆಬೇರೆಯಾಗಿ ಸ್ಪರ್ಧಿಸಿದರೂ ಪ್ರಾಂತೀಯ ಸಭೆಯ 63 ಸ್ಥಾನಗಳಲ್ಲಿ 46 ಅವರವೇ. ಜಿಲ್ ಅವರ ಪಟ್ಟಿಗೇ 32. ಸಿಮಿಯೋನಿ ಬೇಡುವುದು ಫ್ರಾನ್ಸಿನೊಳಗಿನ ಸ್ವಾಯತ್ತತೆ. ಪೂರ್ಣ ಸ್ವಾತಂತ್ರ್ಯದ ಮಾತಾಡುವ ಕೋರೆ ಇನ್ ಫ್ರೊಂತೆ ಪಕ್ಷಕ್ಕೆ ಸಿಕ್ಕಿದ್ದು 6 ಸ್ಥಾನ. ಮತದಾರರು ಯಾವ ದಾರಿ ಹಿಡಿದರೆಂಬುದು ಇಲ್ಲಿ ನಿಚ್ಚಳ.

ಆದರೂ ಈ ಸಭೆಗೆ ಸ್ವಂತ ಕಾನೂನು ಮಾಡುವ ಅಧಿಕಾರವಿಲ್ಲ. ಹೊರಗಿನವರ ರಜಾ ಮನೆಗಳಿಂದ ಏರಿದ ಬೆಲೆಗೆ ತಮ್ಮ ಊರಲ್ಲೇ ಮನೆ ಕೊಳ್ಳಲಾಗದ ಯುವಕರಿಗಾಗಿ, ಆಸ್ತಿ ಖರೀದಿಗೆ ಐದು ವರ್ಷಗಳ ವಾಸ ಕಡ್ಡಾಯವಾಗಲಿ ಎಂದು ಸಭೆ 2014ರಲ್ಲೇ ನಿರ್ಣಯಿಸಿತ್ತು. ಅದಕ್ಕೆ ಕಾನೂನಿನ ಬಲ ಬರಲೇ ಇಲ್ಲ. 2023ರಲ್ಲಿ ಬಾಸ್ತಿಯಾದ ನ್ಯಾಯಾಲಯ, ಸಭೆಯ ಚರ್ಚೆಗಳಲ್ಲಿ ಕಾರ್ಸಿಕನ್ ಭಾಷೆ ಬಳಸುವ ನಿಯಮವನ್ನೂ ರದ್ದು ಮಾಡಿತು. ತನ್ನ ಜನರ ಮುಂದೆ ತನ್ನ ಮಾತಲ್ಲಿ ಚರ್ಚಿಸಲಾಗದ ಸಭೆಯ ನೋವು ಸಣ್ಣದಲ್ಲ.

ಪ್ಯಾರಿಸ್ ಮಾತು ಬದಲಿಸಿದ್ದು ಮತಗಳಿಂದಲ್ಲ ಎಂಬುದೇ ಈ ಕತೆಯ ಅತ್ಯಂತ ಆತಂಕದ ಭಾಗ. ಎರಿನ್ಯಾಕ್ ಹತ್ಯೆಯಲ್ಲಿ ಶಿಕ್ಷೆಗೊಳಗಾಗಿದ್ದ ಇವಾನ್ ಕೊಲೊನ್ನಾ ಮೇಲೆ 2022ರ ಮಾರ್ಚ್ 2ರಂದು ಆರ್ಲ್ ಜೈಲಿನಲ್ಲಿ ಸಹಕೈದಿಯೊಬ್ಬ ಮಾರಣಾಂತಿಕ ಹಲ್ಲೆ ನಡೆಸಿದ. ದ್ವೀಪ ಹೊತ್ತಿ ಉರಿಯಿತು. ಎರಡೇ ವಾರದಲ್ಲಿ ಗೃಹ ಸಚಿವ ಜೆರಾಲ್ಡ್ ದಾರ್ಮನಾಂ, ಸ್ವಾಯತ್ತತೆಯವರೆಗೂ ಹೋಗಲು ಸಿದ್ಧ ಎಂದರು. ಆರು ವರ್ಷ ಶಾಂತಿಯಿಂದ ಗೆದ್ದವರಿಗೆ ದೊರೆಯದ ಮಾತು ಕೆಲವೇ ದಿನಗಳ ಗಲಭೆಗೆ ದೊರೆತರೆ ಯುವಜನ ಏನು ಕಲಿಯಬೇಕು?

2024ರ ಮಾರ್ಚಿನಲ್ಲಿ ಎರಡೂ ಕಡೆಯವರು ಸಂವಿಧಾನ ತಿದ್ದುಪಡಿಯ ಕರಡಿಗೆ ಒಪ್ಪಿದರು. ಅದರಲ್ಲಿ ಕಾರ್ಸಿಕನ್ನರು ಐತಿಹಾಸಿಕ, ಭಾಷಿಕ, ಸಾಂಸ್ಕೃತಿಕ ಸಮುದಾಯ. ಅವರನ್ನು ‘ಕಾರ್ಸಿಕನ್ ಜನತೆ’ ಎಂದು ಕರೆದಿದ್ದ ಹಿಂದಿನ ಕಾನೂನೊಂದರ ಸಾಲನ್ನು ಸಂವಿಧಾನ ಮಂಡಳಿ 1991ರಲ್ಲೇ ಹೊಡೆದುಹಾಕಿತ್ತು. ಜೂನ್‌ನಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಸಂಸತ್ತಿನ ಕೆಳಮನೆಯನ್ನು ವಿಸರ್ಜಿಸಿದ್ದರಿಂದ ಎಲ್ಲವೂ ನಿಂತಿತು. ಕೊನೆಗೆ 2025ರ ಜುಲೈನಲ್ಲಿ ಮಸೂದೆಯನ್ನು ಸಚಿವ ಸಂಪುಟದ ಮುಂದಿಡಲಾಯಿತು. ಎರಡೂ ಸದನಗಳು ಅದೇ ಪಠ್ಯವನ್ನು ಒಪ್ಪಬೇಕು, ಬಳಿಕ ಜಂಟಿ ಅಧಿವೇಶನದಲ್ಲಿ ಐದರಲ್ಲಿ ಮೂರು ಪಾಲು ಮತ ಬೀಳಬೇಕು. ಬಲಪಂಥೀಯ ಬಹುಮತದ ಸೆನೆಟ್‌ನಲ್ಲಿ ಹಲವರಿಗೆ ಇದು ಗಣರಾಜ್ಯದ ಏಕತೆಗೆ ಬೀಳುವ ಬಿರುಕಾಗಿ ಕಾಣುತ್ತದೆ. ಅದನ್ನೂ ದಾಟಿದರೆ, ಯಾವ ವಿಷಯಗಳಲ್ಲಿ ದ್ವೀಪ ತಾನೇ ನಿಯಮ ಮಾಡಬಹುದೆಂಬುದನ್ನು ಮತ್ತೊಂದು ಕಾನೂನು ಗೊತ್ತುಮಾಡಬೇಕಾಗುತ್ತದೆ.