ಮಾತಾಡಿಸುವ ಕಸುಬು

ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲದ ರಾತ್ರಿಗಳಲ್ಲಿ ಎಲ್ಲರಿಗೂ ಬೇಗ ಮಲಗುವ ಭಾಗ್ಯವಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗೆ ಏರಿತೆಂದರೆ ಐದಾರು ದಿನ ಹಗಲೂ ಇರುಳೂ ಬೆಂಕಿ ನೋಡಿಕೊಳ್ಳಬೇಕು. ಸೌದೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಎಲೆಯ ಬಣ್ಣ ಕೆಟ್ಟರೆ ಹರಾಜಿನಲ್ಲಿ ಕೇಳುವವರಿಲ್ಲ. ಎಚ್.ಡಿ. ಕೋಟೆ, ಕೆ.ಆರ್. ನಗರದ ಬೆಳೆಗಾರರದೂ ಇದೇ ಪಾಡು. ಅಂಥದೇ ಹೊತ್ತಿನಲ್ಲಿ, 2014ರ ಆಗಸ್ಟ್ 2ರ ಶನಿವಾರ, ಜೀ ಕನ್ನಡದಲ್ಲಿ ‘ವೀಕೆಂಡ್ ವಿತ್ ರಮೇಶ್’ ಶುರುವಾಯಿತು. ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್. ವಾರದ ಕೊನೆಯ ಎರಡು ರಾತ್ರಿ ಊಟ ಮುಗಿಸಿ ಟಿ.ವಿ. ಮುಂದೆ ಕೂರುವುದಕ್ಕೆ ಕನ್ನಡದ ಮನೆಗಳಿಗೆ ಒಂದು ಹೊಸ ನೆಪ ಸಿಕ್ಕಿತು.

ರಾತ್ರಿಯ ಟಾಕ್ ಶೋ ಎಂದರೆ ಅಮೆರಿಕದವರಿಗೆ ಜಾನಿ ಕಾರ್ಸನ್ ನೆನಪಾಗುತ್ತಾರೆ. 1962ರಿಂದ 1992ರವರೆಗೆ, ಮೂವತ್ತು ವರ್ಷ, ‘ದ ಟುನೈಟ್ ಶೋ’ ನಡೆಸಿದವರು. ಮೊದಲು ನಿಂತುಕೊಂಡು ಆ ದಿನದ ಸುದ್ದಿಯನ್ನೂ ಅಧ್ಯಕ್ಷರನ್ನೂ ಗೇಲಿ ಮಾಡುವುದು, ಆಮೇಲೆ ಮೇಜಿನ ಹಿಂದೆ ಕೂತು ಅತಿಥಿಯನ್ನು ಮಾತಾಡಿಸುವುದು ಅಲ್ಲಿಯ ಕ್ರಮ. ಆಳುವವರನ್ನು ರಾತ್ರಿ ಹೊತ್ತು ನಿಂತು ಬೈಯುವ ಕಲೆ ನಮಗೆ ಹೊಸದೇನಲ್ಲ. ‘ಲಂಚಾವತಾರ’ ನಾಟಕದಲ್ಲಿ ಮಾಸ್ಟರ್ ಹಿರಣ್ಣಯ್ಯ ಅಂದಂದಿನ ರಾಜಕಾರಣವನ್ನು ಸೇರಿಸಿಕೊಂಡು ಹೀಗೇ ಝಾಡಿಸುತ್ತಿದ್ದರು. ಆದರೆ ಕನ್ನಡದ ಟಿ.ವಿ. ಆ ದಾರಿ ಹಿಡಿಯುವ ಧೈರ್ಯ ಮಾಡಲಿಲ್ಲ. ಅದು ಆರಿಸಿಕೊಂಡದ್ದು ಅಮೆರಿಕದ್ದೇ ಇನ್ನೊಂದು ಹಳೆಯ ಮಾದರಿ. ರಾಲ್ಫ್ ಎಡ್ವರ್ಡ್ಸ್ 1948ರಲ್ಲಿ ರೇಡಿಯೊದಲ್ಲಿ ಆರಂಭಿಸಿ 1952ರಲ್ಲಿ ಟಿ.ವಿ.ಗೆ ತಂದ ‘ದಿಸ್ ಈಸ್ ಯುವರ್ ಲೈಫ್’ನಲ್ಲಿ, ಅತಿಥಿಯ ಬದುಕಿನಲ್ಲಿ ಬಂದುಹೋದವರನ್ನು ಹುಡುಕಿ ತಂದು ಎದುರು ನಿಲ್ಲಿಸುತ್ತಿದ್ದರು. ಹಿಂದಿಯಲ್ಲಿ ಫಾರೂಕ್ ಶೇಖ್ ‘ಜೀನಾ ಇಸೀ ಕಾ ನಾಮ್ ಹೈ’ ನಡೆಸಿದ್ದು ಇದೇ ಧಾಟಿಯಲ್ಲಿ. ಕನ್ನಡಕ್ಕೆ ಬಂದಾಗ ಅದಕ್ಕೆ ನಮ್ಮ ಸನ್ಮಾನ ಸಮಾರಂಭದ ಕಳೆ ಬಂತು. ಹಾರ, ಶಾಲು ಇಲ್ಲ ಎನ್ನುವುದೊಂದು ಬಿಟ್ಟರೆ ಎಲ್ಲ ಅದೇ: ವೇದಿಕೆಗೆ ಕರೆ, ಚಪ್ಪಾಳೆ, ಸಾಧಕರ ಸೀಟು, ಗುಣಗಾನ, ಕೊನೆಗೆ ಸನ್ಮಾನಿತರ ಎರಡು ಮಾತು.

ಇದನ್ನು ನಡೆಸಿದ ರಮೇಶ್ ಅರವಿಂದ್ ಅವರನ್ನು ನಿರೂಪಣೆಗೆ ಇಳಿದ ಸಿನಿಮಾ ನಟ ಎಂದು ತಿಳಿಯುವವರೇ ಹೆಚ್ಚು. ನಡೆದದ್ದು ತಿರುಗಾ ಮುರುಗಾ. 1964ರ ಸೆಪ್ಟೆಂಬರ್ 10ರಂದು ಕುಂಭಕೋಣಂನಲ್ಲಿ ಹುಟ್ಟಿ, ಬೆಂಗಳೂರಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದ ಇವರು ದೂರದರ್ಶನದ ‘ಪರಿಚಯ’ ಕಾರ್ಯಕ್ರಮದಲ್ಲಿ ಜನರನ್ನು ಮಾತಾಡಿಸುತ್ತಿದ್ದರು. ಕೆ. ಬಾಲಚಂದರ್ ಅವರ ‘ಸುಂದರ ಸ್ವಪ್ನಗಳು’ (1986) ಚಿತ್ರದಿಂದ ನಟರಾದರು. ಆಮೇಲೆ ಕನ್ನಡ, ತಮಿಳು, ತೆಲುಗು ಎಂದು ಓಡಾಡಿದರು, ‘ರಾಮ ಶಾಮ ಭಾಮ’ದಿಂದ (2005) ನಿರ್ದೇಶಕರೂ ಆದರು, 2015ರಲ್ಲಿ ಕಮಲ್ ಹಾಸನ್ ಅವರ ‘ಉತ್ತಮ ವಿಲನ್’ಗೂ ಆ್ಯಕ್ಷನ್, ಕಟ್ ಹೇಳಿದರು.

ತೊಂಬತ್ತರ ದಶಕದ ಪ್ರೇಕ್ಷಕರು ಅವರಿಗೆ ‘ತ್ಯಾಗರಾಜ’ ಎಂದು ಅಡ್ಡಹೆಸರಿಟ್ಟಿದ್ದರು. ನಾಯಕಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುವ ಪಾತ್ರಗಳು ಅಷ್ಟು ಬಂದಿದ್ದವು. ‘ಅಮೆರಿಕಾ ಅಮೆರಿಕಾ’ (1997) ಅದರ ಒಳ್ಳೆಯ ಮಾದರಿ. ನಟನಾಗಿ ಇದರಿಂದ ಲಾಭವೋ ನಷ್ಟವೋ, ಮಾತಾಡಿಸುವ ಕಸುಬಿಗೆ ಮಾತ್ರ ಇದಕ್ಕಿಂತ ಒಳ್ಳೆಯ ತಾಲೀಮು ಇರಲಾರದು ಎಂದು ನನ್ನ ಗುಮಾನಿ. ದೃಶ್ಯವನ್ನು ಎದುರಿನವರಿಗೆ ಬಿಟ್ಟುಕೊಡುವುದೇ ಇಲ್ಲಿಯ ಮುಖ್ಯ ಕೆಲಸ.

ಆ ಕೆಲಸ ಹೇಗೆ ನಡೆಯುತ್ತದೆ ನೋಡಿ. ಕಾರ್ಯಕ್ರಮದ ತಂಡ ಮೊದಲೇ ಅತಿಥಿಯ ಊರು, ಓದಿದ ಶಾಲೆ, ಬಾಡಿಗೆಗಿದ್ದ ಮನೆ ಎಲ್ಲವನ್ನೂ ಜಾಲಾಡಿರುತ್ತದೆ. ಹಳೆಯ ಫೋಟೊ, ಹಾಸ್ಟೆಲ್ಲಿನ ಗೆಳೆಯ, ಮಾತು ಬಿಟ್ಟಿದ್ದ ನೆಂಟ, ಕೋಲು ಹಿಡಿದು ಬರುವ ಮೇಷ್ಟ್ರು, ಎಲ್ಲರೂ ತೆರೆಯ ಹಿಂದೆ ಸಿದ್ಧ. ಮೊದಲು ದನಿ ಕೇಳಿಸುತ್ತದೆ, ಯಾರೆಂದು ಅತಿಥಿ ಊಹಿಸಬೇಕು, ಆಮೇಲೆ ಆಳು ಬರುತ್ತಾರೆ. ಮುಂದೆ ಬರುವುದೇನೆಂದು ನಿರೂಪಕರಿಗೆ ಪೂರ್ತಿ ಗೊತ್ತು. ಆದರೂ ಗೊತ್ತಿಲ್ಲದವರ ಕುತೂಹಲ ಮುಖದಲ್ಲಿರಬೇಕು. ರಮೇಶ್ ಅದನ್ನು ನಿಭಾಯಿಸುತ್ತಾರೆ. ಅದಕ್ಕಿಂತ ಕಷ್ಟದ ಘಟ್ಟ ಅತಿಥಿಯ ಗಂಟಲು ಕಟ್ಟಿದಾಗ ಬರುತ್ತದೆ. ಆಗ ಬಹಳ ಮಂದಿ ನಿರೂಪಕರು ಗಾಬರಿಯಾಗಿ ಮಾತು ತುಂಬುತ್ತಾರೆ. ಇವರು ಸುಮ್ಮನಿರುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ಅತ್ತವರು ತಾವಾಗಿ ಕಣ್ಣೊರೆಸಿಕೊಳ್ಳುವವರೆಗೆ ಕಾಯುತ್ತಾರೆ. ವಾಹಿನಿಯ ಹಿನ್ನೆಲೆ ಸಂಗೀತಕ್ಕೆ ಮಾತ್ರ ಆ ತಾಳ್ಮೆ ಇಲ್ಲ; ಪಿಟೀಲು ಮೊದಲೇ ಅಳಲು ಶುರು ಮಾಡಿಬಿಡುತ್ತದೆ.

2018ರಲ್ಲಿ ‘ಕನ್ನಡದ ಕೋಟ್ಯಧಿಪತಿ’ಯ ಮೂರನೇ ಸೀಸನ್ ಅವರ ಕೈಗೆ ಬಂದಾಗ ಹೆಸರಿಲ್ಲದ ಜನರನ್ನು ಮಾತಾಡಿಸುವ ಅವಕಾಶ ಸಿಕ್ಕಿತು. ಅಲ್ಲಿಯೂ ಹಾಟ್ ಸೀಟಿನಲ್ಲಿ ಕೂತವರ ಕೈನಡುಕ ನಿಲ್ಲುವಂತೆ ಮಾತಾಡುತ್ತಿದ್ದರು.

ಇನ್ನು ತಕರಾರು. ಸನ್ಮಾನ ಸಮಾರಂಭದಲ್ಲಿ ಯಾರೂ ಗಟ್ಟಿ ಪ್ರಶ್ನೆ ಕೇಳುವುದಿಲ್ಲ, ‘ವೀಕೆಂಡ್ ವಿತ್ ರಮೇಶ್’ನಲ್ಲಿಯೂ ಕೇಳಲಿಲ್ಲ. 2017ರಲ್ಲಿ ಮುಖ್ಯಮಂತ್ರಿಯಾಗಿದ್ದ ನಮ್ಮ ಮೈಸೂರು ಜಿಲ್ಲೆಯವರೇ ಆದ ಸಿದ್ದರಾಮಯ್ಯ ಬಂದು ಕೂತರು. 2023ರ ಐದನೇ ಸೀಸನ್ನಿನ ಕೊನೆಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಬಂದರು. ಆ ಕುರ್ಚಿಯಲ್ಲಿ ಕೂತ ಮೇಲೆ ಅಧಿಕಾರದಲ್ಲಿರುವವರೂ ಕಷ್ಟಪಟ್ಟು ಮೇಲೆ ಬಂದ ಊರ ಹುಡುಗರಾಗಿಬಿಡುತ್ತಾರೆ. ನೋಡಲು ಹಿತ, ಆದರೆ ಮಾತುಕತೆ ಅಷ್ಟಕ್ಕೇ ನಿಲ್ಲುತ್ತದೆ. ಅದೇ ಸೀಸನ್ನಿನ ಮೊದಲ ಅತಿಥಿ ರಮ್ಯಾ ಬಂದಾಗ ವೇದಿಕೆಯ ತುಂಬ ಇಂಗ್ಲಿಷೇ ಓಡಾಡಿತೆಂದು ನೋಡುಗರು ಸಿಟ್ಟಾದರು. ಸಿಟ್ಟು ಸರಿಯಾದದ್ದೇ. ಹನಗೋಡಿನ ಅಜ್ಜಿಯೊಬ್ಬರು ನಿದ್ದೆಗೆಟ್ಟು ಟಿ.ವಿ. ನೋಡುತ್ತಿದ್ದಾರೆ ಎಂಬುದು ಸ್ಟುಡಿಯೊದವರ ಗಮನದಲ್ಲಿರಬೇಕಿತ್ತು.

ಕುರ್ಚಿ ಬೆಂಗಳೂರಿನ ಸ್ಟುಡಿಯೊದಲ್ಲಿದೆ, ಅಲ್ಲಿಗೆ ಹೋಗಲು ಮೊದಲು ಹೆಸರು ಮಾಡಿರಬೇಕು. ಹಾಗೆ ಹೆಸರು ಮಾಡಿದವರು ಈ ಸೀಮೆಯಲ್ಲಿಲ್ಲವೆಂದಲ್ಲ. ನಟ, ನಿರ್ಮಾಪಕ ದ್ವಾರಕೀಶ್ (1942–2024) ಹುಟ್ಟಿದ್ದು ಹುಣಸೂರಿನಲ್ಲಿ. ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಅವರದು ಅದೇ ತಾಲ್ಲೂಕಿನ ಕಲ್ಲಹಳ್ಳಿ. ಹೆಸರು ಮಾಡದವರನ್ನು ಮಾತಾಡಿಸುವವರು ಬೇಕೆಂದರೆ ಸರಗೂರಿಗೆ ಹೋಗಬೇಕು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ಅಲ್ಲಿ ಆರಂಭಿಸಿದ ಸಮುದಾಯ ಬಾನುಲಿ ‘ಜನಧ್ವನಿ’ 90.8ರಲ್ಲಿ ಸುತ್ತಲಿನ ಹಳ್ಳಿ, ಹಾಡಿಗಳ ಜನರೇ ಮೈಕಿನ ಎರಡೂ ಬದಿಗೆ ಕೂರುತ್ತಾರೆ. ಅಲ್ಲಿ ಸಾಧಕರ ಸೀಟೂ ಇಲ್ಲ, ಪಿಟೀಲೂ ಇಲ್ಲ. ಬಿತ್ತನೆ, ಬಾಣಂತನ, ಆನೆ ಕಾಟ, ಸೋಬಾನೆ ಪದ, ಯಾವುದು ಬೇಕಾದರೂ ಮಾತಿನ ವಿಷಯ.

‘ವೀಕೆಂಡ್ ವಿತ್ ರಮೇಶ್’ ಮತ್ತೆ ಬರುವುದಾದರೆ ಜೀ ಕನ್ನಡದವರಲ್ಲಿ ಒಂದು ಕೋರಿಕೆ. ಸಾಧಕರ ಮೇಷ್ಟ್ರು ಎಂದು ಎಷ್ಟೋ ಹಳ್ಳಿಗಳಿಂದ ವಯಸ್ಸಾದವರನ್ನು ಕರೆಸಿ, ತೆರೆಯ ಹಿಂದೆ ಕಾಯಿಸಿ, ಎರಡು ನಿಮಿಷ ಮಾತಾಡಿಸಿ ಕಳಿಸಿದ್ದೀರಿ. ಈ ಸಲ ಒಂದು ಶನಿವಾರ ಸರ್ಕಾರಿ ಶಾಲೆಯ ಅಂಥ ಮೇಷ್ಟ್ರೊಬ್ಬರನ್ನೇ ಆ ಸೀಟಿನಲ್ಲಿ ಕೂರಿಸಿ, ಅವರ ಶಿಷ್ಯರಾದ ಸಾಧಕರು ತೆರೆಯ ಹಿಂದೆ ಕಾಯಲಿ.